ಒಳಪೆಟ್ಟಿಗೆ ಎಷ್ಟು ಪರ್ಸೆಂಟು?

ಇಲ್ಲಿ ಏನಾದರೂ ಬರೆದು ತುಂಬಾ ದಿನಗಳಾದವು. ಮೊನ್ನೆ ಚಿಕ್ಕನಾಯಕನಹಳ್ಳಿ ಕಡೆಯ ಗೆಳೆಯನೊಬ್ಬ ಫೋನ್ ಮಾಡಿದ್ದ. ಹಾಸ್ಟೆಲ್‌ನಲ್ಲಿ ಜೊತೆಗಿದ್ದವನು. ಅವನ ಪಕ್ಕದ ಮನೆಯ ಹುಡುಗ ನಾರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವಾಗ ಬಿದ್ದು ತಲೆಗೆ ಪೆಟ್ಟಾಗಿದೆಯಂತೆ. "ಬೆರಳು ಹೋದ್ರೆ ಇಷ್ಟು, ಕೈ ಹೋದ್ರೆ ಇಷ್ಟು ಅಂತ ಸರ್ಕಾರದ ಪಟ್ಟಿ ಐತಂತಲ್ಲೋ, ತಲೆಗೆ ಎಷ್ಟು ಕೊಡ್ತಾರೆ?" ಅಂತ ಕೇಳಿದ. ನನ್ನನ್ನೇ ಯಾಕೆ ಕೇಳಿದ ಅಂದರೆ ನಮ್ಮ ಭಾವನ ಕತೆ ಅವನಿಗೆ ಗೊತ್ತು. ಮುಕ್ಕಾಲು ಗಂಟೆ ಮಾತಾಡಿದರೂ ಅರ್ಧವೇ ಹೇಳಿದ ಹಾಗಿತ್ತು. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲನೂ ಅಲ್ಲ, ಡಾಕ್ಟರೂ ಅಲ್ಲ. ಮೂರೂವರೆ ವರ್ಷ ಇವರಿಬ್ಬರ ಬಾಗಿಲಲ್ಲೂ ಬೆಂಚಿನ ಮೇಲೆ ಕೂತಿದ್ದವನು, ಅಷ್ಟೆ :-)

ನಮ್ಮದು ತುರುವೇಕೆರೆ ತಾಲ್ಲೂಕು. ಅಕ್ಕನನ್ನು ಕೊಟ್ಟಿರುವುದು ತಿಪಟೂರು ಕಡೆಗೆ. ಈ ಕಡೆ ಬಂದವರಿಗೆ ಗೊತ್ತು, ಕೆ.ಬಿ. ಕ್ರಾಸ್ ದಾಟಿದರೆ ಎಡಕ್ಕೂ ಬಲಕ್ಕೂ ತೆಂಗು ಬಿಟ್ಟರೆ ಬೇರೆ ಕಾಣಿಸುವುದಿಲ್ಲ. ಕೇರಳದವರ ಹಾಗೆ ನಾವು ಹಸಿಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು ತೆಗೆದರೆ ಇಡೀ ಉಂಡೆ ಕೊಬ್ಬರಿ. ಅದು ತಿಪಟೂರಿನ ಮಾರುಕಟ್ಟೆಯಿಂದ ಚೀಲದಲ್ಲಿ ಲಾರಿ ಹತ್ತಿ ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶಗಳ ಕಡೆ ಹೋಗುತ್ತದೆ. ನಮ್ಮ ಭಾವ ಕೆಲಸ ಮಾಡುತ್ತಿದ್ದುದು ಈ ಲಾರಿ ಹತ್ತಿಸುವ ಜಾಗದಲ್ಲಿ, ಒಬ್ಬ ವ್ಯಾಪಾರಿಯ ಮಂಡಿಯಲ್ಲಿ. ಹೆಸರಿಗೆ ಹಮಾಲಿ. ಆದರೆ ಕೊಬ್ಬರಿ ಆರಿಸುವುದರಲ್ಲಿ ಎತ್ತಿದ ಕೈ. ಚೀಲದೊಳಕ್ಕೆ ಕೈ ಇಟ್ಟು ಒಂದು ಹಿಡಿ ತೆಗೆದು ಮೂಸಿದರೆ ಸಾಕು, ಇದರಲ್ಲಿ ಕಮಟು ಬಂದಿದ್ದು ಇದೆ, ಇದು ಒಳಗೆ ಕೊಳೆತಿದೆ, ಇದು ಹೋದ ವರ್ಷದ್ದು ಅಂತ ಹೇಳಿಬಿಡುತ್ತಿದ್ದರು. ಕಾಯಿ ಎಣಿಸಲು ಕೂತರೆ ಜೋಡಿ ಜೋಡಿಯಾಗಿ ಎಸೆಯುತ್ತಾ, ನೂರಕ್ಕೊಂದು ಕಾಯಿ ಪಕ್ಕಕ್ಕಿಡುತ್ತಾ, ಮಧ್ಯೆ ನಮ್ಮ ಜೊತೆ ಮಾತೂ ಆಡುತ್ತಾ, ಒಂದು ಕಾಯಿ ಹೆಚ್ಚುಕಮ್ಮಿ ಮಾಡುತ್ತಿರಲಿಲ್ಲ. ಇಷ್ಟನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

2016ರ ಮಾರ್ಚ್. ಲೋಡು ಮುಗಿದಿತ್ತು. ಭಾವ ಮೇಲೆ ನಿಂತು ಟಾರ್ಪಾಲಿನ ಹಗ್ಗ ಬಿಗಿಯುತ್ತಿದ್ದರು. ಹಗ್ಗ ಕಿತ್ತುಕೊಂಡು ಬಂತು. ಹಿಮ್ಮುಖವಾಗಿ ಸಿಮೆಂಟಿನ ನೆಲಕ್ಕೆ ಬಿದ್ದರು, ಹಿಂದಲೆ ಬಡಿಯಿತು. ಬೀಳುವಾಗ ಬಲಗೈಯ ನಡುಬೆರಳು ಕೊಂಡಿಗೂ ಹಗ್ಗಕ್ಕೂ ಸಿಕ್ಕಿ ತುದಿ ಗೆಣ್ಣು ಕತ್ತರಿಸಿ ಹೋಯಿತು. ಸುತ್ತ ಇದ್ದವರೆಲ್ಲ ನೋಡಿದ್ದು ಬೆರಳನ್ನು. ರಕ್ತ ಬರುತ್ತಿದ್ದುದು ಅಲ್ಲೇ ತಾನೆ? ತಲೆಯಲ್ಲಿ ಒಂದು ನಿಂಬೆಹಣ್ಣು ಗಾತ್ರದ ಬೋರೆ ಬಿಟ್ಟರೆ ಏನೂ ಇಲ್ಲ. ಒಂದರ್ಧ ನಿಮಿಷ ಕಣ್ಣು ಕತ್ತಲೆ ಬಂದಿತ್ತಂತೆ. ನೀರು ಕುಡಿದು, "ಏನಾಗಿಲ್ಲ ಬಿಡ್ರಪ್ಪ" ಅಂದು ತಾವೇ ನಡೆದುಕೊಂಡು ಆಟೋ ಹತ್ತಿದ್ದಾರೆ.

ಆಸ್ಪತ್ರೆಯಲ್ಲೂ ಬೆರಳಿಗೇ ಉಪಚಾರ. ಎರಡು ಸಲ ವಾಂತಿ ಮಾಡಿಕೊಂಡರು. ಬಿಸಿಲಿಗೆ, ನೋವಿಗೆ ಇರಬೇಕು ಅಂದರಂತೆ. ಮಾರನೆ ದಿನ ಸಂಜೆ ನಾನು ಹೋದಾಗ "ಯಾವಾಗ ಬಂದೆ?" ಅಂದರು. ಹೇಳಿದೆ. ಹತ್ತು ನಿಮಿಷಕ್ಕೆ ಮತ್ತೆ "ಯಾವಾಗ ಬಂದೆ?" ಮೂರನೇ ಸಲ ಕೇಳಿದಾಗ ಅಕ್ಕ ನನ್ನ ಮುಖ ನೋಡಿದಳು. ಮೂರನೇ ದಿನ ತುಮಕೂರಿಗೆ ಕರೆದುಕೊಂಡು ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಮಿದುಳಿನ ಮುಂಭಾಗದಲ್ಲಿ, ಹಣೆಯ ಹಿಂದೆ, ಎರಡೂ ಕಡೆ ಜಜ್ಜಿದ ಗಾಯ, ಅಲ್ಲಲ್ಲಿ ರಕ್ತ.

ಹಿಂದಲೆಗೆ ಬಿದ್ದ ಪೆಟ್ಟಿಗೆ ಹಣೆಯ ಹಿಂದೆ ಯಾಕೆ ಗಾಯ? ನನಗೂ ಅರ್ಥವಾಗಿರಲಿಲ್ಲ. ಅಲ್ಲಿದ್ದ ಡಾಕ್ಟರೊಬ್ಬರು ತಾಳ್ಮೆಯಿಂದ ಹೇಳಿದರು. ನಾನು ಅದನ್ನು ನಮ್ಮೂರ ಭಾಷೆಗೆ ಹೀಗೆ ಮಾಡಿಕೊಂಡೆ. ತಲೆ ಅಂದರೆ ತೆಂಗಿನಕಾಯಿ ಅಂದುಕೊಳ್ಳಿ. ಕೂದಲು, ಚರ್ಮ ಮಟ್ಟೆ. ಬುರುಡೆ ಚಿಪ್ಪು. ಮಿದುಳು ಒಳಗಿನ ಗಿಟುಕು, ಸುತ್ತ ಒಂದಿಷ್ಟು ನೀರು. ಓಡುತ್ತಿರುವ ಕಾಯಿ ತಟ್ಟನೆ ನಿಂತರೆ ಚಿಪ್ಪು ನಿಲ್ಲುತ್ತದೆ, ಗಿಟುಕು ನಿಲ್ಲುವುದಿಲ್ಲ. ಅದು ಎದುರು ಗೋಡೆಗೆ ಹೋಗಿ ಬಡಿಯುತ್ತದೆ. ಹಣೆಯ ಕೆಳಗೆ ಬುರುಡೆಯ ಒಳಮೈ ನುಣ್ಣಗಿಲ್ಲ, ಉಬ್ಬುತಗ್ಗು. ಅದಕ್ಕೇ ಹಿಂದಕ್ಕೆ ಬಿದ್ದವರಿಗೂ ಮುಂದೆಯೇ ಜಜ್ಜುವುದು. ಇನ್ನೊಂದು ವಿಷಯ. ವಾಸನೆಯ ನರಗಳು ಮೂಗಿನ ಮೇಲ್ಗಡೆ ಜರಡಿಯಂಥ ಒಂದು ತೆಳುವಾದ ಮೂಳೆಯ ತೂತುಗಳ ಮೂಲಕ ಮಿದುಳಿಗೆ ಹೋಗುತ್ತವೆ. ಕೂದಲೆಳೆಗಿಂತ ಸಣ್ಣ ಎಳೆಗಳು. ಮಿದುಳು ಹಾಗೆ ಜಾರಿದಾಗ ಅವು ಪಟಪಟ ಹರಿದುಹೋಗಬಹುದು.

ಬೆಂಚಿನ ಮೇಲೆ ಕೂತು ಕಲಿತದ್ದು ಇನ್ನೂ ಒಂದಿಷ್ಟಿದೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಮಟ್ಟೆಗೆ ಆದ ಗಾಯ, ಅಂದರೆ ತಲೆಯ ಚರ್ಮ ಸೀಳಿದ್ದು, ಭಯಂಕರ ರಕ್ತ ಸುರಿಸುತ್ತದೆ, ಆದರೆ ಹೊಲಿಗೆ ಹಾಕಿದರೆ ಬಹುಪಾಲು ಮುಗಿಯಿತು. ಚಿಪ್ಪು ಬಿರುಕು ಬಿಟ್ಟರೆ ಕೆಲವೊಮ್ಮೆ ತಾನಾಗೇ ಕೂಡಿಕೊಳ್ಳುತ್ತದೆ, ಒಳಕ್ಕೆ ತಗ್ಗಿದರೆ ಆಪರೇಷನ್. ಪೆಟ್ಟಾದ ಮೇಲೆ ಮೂಗಿನಿಂದಲೋ ಕಿವಿಯಿಂದಲೋ ನೀರಿನಂಥದ್ದು ತೊಟ್ಟಿಕ್ಕುತ್ತಿದ್ದರೆ ಅದು ನೆಗಡಿಯಲ್ಲ, ಬುರುಡೆಯ ತಳ ಬಿರುಕು ಬಿಟ್ಟು ಮಿದುಳಿನ ಸುತ್ತಲಿನ ನೀರು ಸೋರುತ್ತಿರಬಹುದು. ಎಲ್ಲಕ್ಕಿಂತ ಮೋಸದ್ದು ಚಿಪ್ಪಿಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಸೇರಿಕೊಳ್ಳುವುದು. ಕಿವಿಯ ಮುಂದೆ, ಬುರುಡೆ ತೆಳ್ಳಗಿರುವ ಕಡೆ ಒಂದು ರಕ್ತನಾಳ ಇದೆ, ಅದು ಒಡೆದಿರುತ್ತದೆ. ಮನುಷ್ಯ ಎದ್ದು ಕೂತು ಮಾತಾಡುತ್ತಾನೆ, ಊಟ ಮಾಡುತ್ತಾನೆ, "ಏನಿಲ್ಲ" ಅನ್ನುತ್ತಾನೆ. ಕೆಲವು ಗಂಟೆ ಬಿಟ್ಟು ನಿದ್ದೆಗೆ ಜಾರಿದವನು ಏಳುವುದಿಲ್ಲ. ಸಮಯಕ್ಕೆ ಸ್ಕ್ಯಾನ್ ಆಗಿ ರಕ್ತ ತೆಗೆದರೆ ಪೂರ್ತಿ ಹುಷಾರಾಗುವುದೂ ಇದೇ ಜಾತಿಯ ಪೆಟ್ಟಿನಲ್ಲಿ! ಇದಕ್ಕೆ ಉಲ್ಟಾ, ಹೊದಿಕೆಯ ಒಳಗಡೆ ನಿಧಾನವಾಗಿ ಜಿನುಗುವ ರಕ್ತ. ವಯಸ್ಸಾದವರಿಗೆ, ಕುಡಿತ ಇರುವವರಿಗೆ ಹೆಚ್ಚು. ಮೂರು ನಾಲ್ಕು ವಾರ ಆದಮೇಲೆ ತಲೆನೋವು, ತೊದಲು, ಕಾಲೆಳೆಯುವುದು ಶುರುವಾಗುತ್ತದೆ, ಅಷ್ಟರಲ್ಲಿ ಬಿದ್ದದ್ದೇ ಮರೆತಿರುತ್ತದೆ. ಕೊನೆಯದು ಮಿದುಳಿನ ಒಳಗಿನ ಎಳೆಗಳೇ ಹರಿಯುವುದು, ಸ್ಕ್ಯಾನಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಆಸ್ಪತ್ರೆಯ ಚೀಟಿಯಲ್ಲಿ ಜಿ.ಸಿ.ಎಸ್. ಅಂತ ಒಂದು ನಂಬರ್ ಬರೆದಿರುತ್ತಾರೆ ನೋಡಿ. 1974ರಲ್ಲಿ ಗ್ಲಾಸ್ಗೋದ ಇಬ್ಬರು ಡಾಕ್ಟರುಗಳು ಮಾಡಿದ ಅಳತೆ ಅದು. ಕಣ್ಣು ಬಿಡುವುದು, ಮಾತಾಡುವುದು, ಕೈಕಾಲು ಆಡಿಸುವುದು ಇವಕ್ಕೆ ಅಂಕ. 3 ತೀರ ಕಡಿಮೆ, 15 ಪೂರ್ತಿ. 13ರಿಂದ 15 ಇದ್ದರೆ 'ಮೈಲ್ಡ್' ಅನ್ನುತ್ತಾರೆ. ಭಾವನಿಗೆ 14 ಬರೆದಿದ್ದರು. ಈ 'ಮೈಲ್ಡ್' ಅನ್ನುವ ಪದ ಮುಂದೆ ಕೋರ್ಟಿನಲ್ಲಿ ನಮ್ಮನ್ನು ಎಷ್ಟು ಗೋಳು ಹೊಯ್ದುಕೊಂಡಿತು ಅಂದರೆ, ಹೋಗಲಿ ಬಿಡಿ.

ಎಂಟು ದಿನಕ್ಕೆ ಮನೆಗೆ ಕಳಿಸಿದರು. ಆಪರೇಷನ್ ಬೇಕಾಗಲಿಲ್ಲ. ಊರೆಲ್ಲ "ದೇವರು ದೊಡ್ಡೋನು, ಬೆರಳಲ್ಲಿ ಹೋಯ್ತು" ಅಂದರು.

ಅಕ್ಕ ಮೊದಲು ಗಮನಿಸಿದ್ದು ಹಾಲು. ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆ, ಭಾವ ಒಲೆ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದಾರೆ! ಹುಳಿಸಾರು, ಮೊಸರನ್ನ ಎರಡೂ ಒಂದೇ ಥರ ಅನ್ನತೊಡಗಿದರು. ಆಮೇಲೆ ಕೋಪ. ನಮ್ಮ ಭಾವ ಮಕ್ಕಳಿಗೆ ಒಂದು ದಿನ ಗದರಿದವರಲ್ಲ. ಟಿವಿ ಸೌಂಡು ಜಾಸ್ತಿ ಆಯ್ತು ಅಂತ ರಿಮೋಟು ಎತ್ತಿ ಗೋಡೆಗೆ ಹೊಡೆದರು, ಐದು ನಿಮಿಷಕ್ಕೆ ತಾವೇ ಮಗಳ ಮುಂದೆ ಕೂತು ಅತ್ತರು. ಆರನೇ ತಿಂಗಳಲ್ಲಿ ಒಂದು ರಾತ್ರಿ ಫಿಟ್ಸ್ ಬಂತು. ಮಂಡಿಗೆ ವಾಪಸ್ ಹೋಗಿದ್ದರು, ಆರು ವಾರ ಇದ್ದರು. ಎಣಿಕೆ ಅರವತ್ತೋ ಎಪ್ಪತ್ತಕ್ಕೋ ಬಂದಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ. ಕೊಬ್ಬರಿ ಮೂಸಿದರೆ ಮರದ ಚೂರು ಮೂಸಿದ ಹಾಗೆ. ಫಿಟ್ಸ್ ಬಂದ ಮೇಲೆ ಲಾರಿ ಹತ್ತಬೇಡ ಅಂದರು. ಅಲ್ಲಿಗೆ ಕೆಲಸ ಮುಗಿಯಿತು.

ಅಕ್ಕ ಒಂದು ದಿನ ನನ್ನ ಹತ್ತಿರ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಿಮ್ ಭಾವ ಆಸ್ಪತ್ರೆಯಿಂದ ಬಂದವ್ರೆ ಅಂತಾರೆ ಎಲ್ರೂ. ಬಂದಿರೋರು ಯಾರು ಅಂತ ನಂಗಿನ್ನೂ ಗೊತ್ತಾಗ್ತಿಲ್ಲ ಕಣೋ."

ಇನ್ನು ದುಡ್ಡಿನ ವಿಷಯ. ವ್ಯಾಪಾರಿಯ ಹೆಸರು ಇಲ್ಲಿ ಬೇಡ. ತೀರಾ ಕೆಟ್ಟ ಮನುಷ್ಯನೂ ಅಲ್ಲ, ಆಸ್ಪತ್ರೆಯ ಮೊದಲ ಬಿಲ್ಲು ಕಟ್ಟಿದ್ದು ಅವರೇ. ಆದರೆ "ಅವನು ನಮ್ಮ ಆಳಲ್ಲ, ಮೇಸ್ತ್ರಿ ಕಡೆಯವನು" ಅಂದರು. ಊರಿನ ನಾಲ್ಕು ಜನ ಕೂತು ಮಾತಾಡಿ 25,000 ರೂಪಾಯಿ ಕೊಡಿಸಿ, ಇನ್ನು ಮುಂದೆ ಯಾವ ತಕರಾರೂ ಇಲ್ಲ ಅಂತ ಛಾಪಾ ಕಾಗದದ ಮೇಲೆ ಭಾವನ ಸಹಿ ಹಾಕಿಸಿಕೊಂಡರು. ಆಗ ಭಾವನಿಗೆ ತಾನು ಬೆಳಿಗ್ಗೆ ತಿಂದದ್ದು ನೆನಪಿರುತ್ತಿರಲಿಲ್ಲ!

ಒಬ್ಬ ವಕೀಲರ ಬಳಿ ಹೋದೆವು. ಅವರು ಕಾಗದ ನೋಡಿ ನಕ್ಕರು. 1923ರ ಕಾಯಿದೆ, ಮೊದಲು ಕಾರ್ಮಿಕರ ಪರಿಹಾರ ಕಾಯಿದೆ ಅಂತಿತ್ತು, 2010ರ ಜನವರಿಯಿಂದ ನೌಕರರ ಪರಿಹಾರ ಕಾಯಿದೆ ಆಯಿತು. ಅದರ 17ನೇ ಸೆಕ್ಷನ್ ಪ್ರಕಾರ ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆ ಅಂತ ನೌಕರ ಬರೆದುಕೊಟ್ಟ ಕಾಗದ ಅಷ್ಟರಮಟ್ಟಿಗೆ ಬರೀ ಕಾಗದ. ಮೇಸ್ತ್ರಿ ಮೂಲಕ ಕೆಲಸ ಮಾಡಿಸಿದರೂ ಕೆಲಸ ಯಾರ ವ್ಯಾಪಾರದ್ದೋ ಅವರೇ ಮೊದಲು ಹೊಣೆ, ಅದು 12ನೇ ಸೆಕ್ಷನ್. ದಿನಗೂಲಿ, ಖಾಯಂ ಅಲ್ಲ ಅನ್ನುವ ನೆಪವನ್ನು 2000ದ ತಿದ್ದುಪಡಿಯಲ್ಲೇ ತೆಗೆದುಹಾಕಿದ್ದರು. ಲಾರಿಗೆ ಸರಕು ತುಂಬುವವನು, ಇಳಿಸುವವನು ಕಾಯಿದೆಯ ಪಟ್ಟಿಯಲ್ಲಿ ಮೊದಲನೇ ಸಾಲಿನಲ್ಲೇ ಇದ್ದ. ಕೇಸು ಎರಡು ವರ್ಷದೊಳಗೆ ಹಾಕಬೇಕಿತ್ತು, ನಾವು 2017ರಲ್ಲಿ ಹಾಕಿದೆವು. ಮೊದಲೆಲ್ಲ ಲೇಬರ್ ಆಫೀಸರ್ ಮುಂದೆ ನಡೆಯುತ್ತಿದ್ದ ಈ ಕೇಸುಗಳು ಆ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಬಂದಿದ್ದವು.

ಇಷ್ಟು ಹೊತ್ತಿಗೆ ಎಲ್ಲ ಸಲೀಸು ಅನಿಸಿತ್ತು. ಗೆಳೆಯ ಕೇಳಿದ 'ಪಟ್ಟಿ' ಬಂತು ನೋಡಿ ಆಗ.

ಆ ಕಾಯಿದೆಗೆ ಒಂದು ಅನುಬಂಧ ಇತ್ತು. ಯಾವ ಅಂಗ ಹೋದರೆ ದುಡಿಮೆಯ ಶಕ್ತಿ ಎಷ್ಟು ಪರ್ಸೆಂಟು ಹೋಯಿತು ಅಂತ ಲೆಕ್ಕ. ಹೆಬ್ಬೆರಳು 30. ತೋರುಬೆರಳು ಪೂರ್ತಿ 14. ನಡುಬೆರಳು ಪೂರ್ತಿ 12, ಎರಡು ಗೆಣ್ಣು 9, ಒಂದು ಗೆಣ್ಣು 7, ಮೂಳೆ ಹೋಗದೆ ಬರೀ ತುದಿ ಹೋದರೆ 4. ಉಂಗುರದ ಬೆರಳಿಗೆ ಬೇರೆ, ಕಾಲ್ಬೆರಳಿಗೆ ಬೇರೆ. ಎಷ್ಟು ನಾಜೂಕಾಗಿ ಲೆಕ್ಕ ಹಾಕಿದ್ದಾರೆ ಅಂದರೆ ಅಕ್ಕಸಾಲಿಗನ ತಕ್ಕಡಿ ನೆನಪಾಗುತ್ತದೆ. ಎರಡೂ ಕಣ್ಣು ಹೋದರೆ ನೂರು, ಪೂರ್ತಿ ಕಿವುಡಾದರೆ ನೂರು, ಮುಖ ತೀರಾ ವಿಕಾರವಾದರೆ ನೂರು. ಮಿದುಳು? ಇಲ್ಲ. ನೆನಪು? ಇಲ್ಲ. ವಾಸನೆ, ಎಣಿಕೆ, ಸಮಾಧಾನ? ಇಲ್ಲ. ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದೆ. ಯಂತ್ರಕ್ಕೆ ಕೈ ಕೊಟ್ಟವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ಪಟ್ಟಿ ಅಂತ ನನಗನ್ನಿಸಿತು. 1923ರಲ್ಲಿ ಸಿ.ಟಿ. ಸ್ಕ್ಯಾನ್ ಎಲ್ಲಿತ್ತು ಪಾಪ. ಕಣ್ಣಿಗೆ ಕಂಡಿದ್ದನ್ನು ಎಣಿಸಿದ್ದಾರೆ.

ಹಾಗಂತ ಕಾಯಿದೆ ಬಾಗಿಲು ಮುಚ್ಚಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಗಾಯವಾದರೆ, ಡಾಕ್ಟರೊಬ್ಬರು ದುಡಿಮೆಯ ಶಕ್ತಿ ಎಷ್ಟು ಶಾಶ್ವತವಾಗಿ ಹೋಗಿದೆ ಅಂತ ಅಳೆದು ಹೇಳಬೇಕು, ಅದರ ಮೇಲೆ ಲೆಕ್ಕ. ಅಂದರೆ ಬೆರಳು ಹೋದವನು ಬೆರಳು ತೋರಿಸಿದರೆ ಸಾಕು. ತಲೆ ಹೋದವನು ಸಾಬೀತು ಮಾಡಬೇಕು.

ಲೆಕ್ಕ ಹೀಗೆ. ಭಾವ ತಿಂಗಳಿಗೆ ಹನ್ನೆರಡು ಸಾವಿರದ ಮೇಲೆ ದುಡಿಯುತ್ತಿದ್ದರೂ ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದ ಸಂಬಳದ ಮಿತಿ 8,000 (2020ರ ಜನವರಿಯಲ್ಲಿ ಅದನ್ನು 15,000 ಮಾಡಿದರು). ಅದರ ಶೇಕಡಾ 60 ಅಂದರೆ 4,800. ನಲವತ್ತು ವಯಸ್ಸಿಗೆ ಕಾಯಿದೆ ಕೊಟ್ಟಿದ್ದ ಗುಣಕ 184.17. ಗುಣಿಸಿದರೆ 8,84,016 ರೂಪಾಯಿ. ಇದು ನೂರಕ್ಕೆ ನೂರು ಹೋದರೆ. ನಡುಬೆರಳಿನ ಒಂದು ಗೆಣ್ಣಿಗೆ 7 ಪರ್ಸೆಂಟು ಅಂದರೆ 61,881. ಎದುರು ಪಾರ್ಟಿ ವಕೀಲರು ಹಿಡಿದುಕೊಂಡದ್ದು ಇದನ್ನೇ. ಡಿಸ್ಚಾರ್ಜ್ ಚೀಟಿಯಲ್ಲೂ ಮೊದಲು ಬರೆದಿದ್ದುದು ಬೆರಳು, ತಲೆಯ ವಿಷಯ ಕೆಳಗೆ ಒಂದೂವರೆ ಸಾಲು, ಅದರಲ್ಲೂ 'ಮೈಲ್ಡ್'.

ಭಾವನನ್ನು ಕೋರ್ಟಿನಲ್ಲಿ ನೋಡಬೇಕಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಾಚಿದ ತಲೆ. ಹೆಸರೇನು? ಹೇಳಿದರು. ವಯಸ್ಸು? ಹೇಳಿದರು. ಮಕ್ಕಳೆಷ್ಟು, ಏನು ಓದುತ್ತಾರೆ? ಹೇಳಿದರು. ಇಂಥ ಊರಿಗೆ ಯಾವ ಬಸ್ಸಿಗೆ ಹೋಗಬೇಕು? ಅದನ್ನೂ ಸರಿಯಾಗೇ ಹೇಳಿದರು. "ನೋಡಿ ಸ್ವಾಮಿ, ಆರೋಗ್ಯವಾಗಿ ಇದ್ದಾರೆ" ಅಂದರು ಆ ವಕೀಲರು. ಹೌದಲ್ಲ, ಹಳೆಯದೆಲ್ಲ ಇದೆ, ಹೊಸದು ನಿಲ್ಲುವುದಿಲ್ಲ. ಭಾವನಿಗೂ ಎಲ್ಲರ ಮುಂದೆ ತಾನು ಸರಿಯಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆ. "ಏನಾದ್ರೂ ತೊಂದರೆ ಇದೆಯಾ?" ಅಂದಿದ್ದಕ್ಕೆ "ಅಂಥಾದ್ದೇನಿಲ್ಲ ಸಾರ್" ಅಂದುಬಿಟ್ಟರು. ನಮ್ಮ ವಕೀಲರು ಹಣೆ ಚಚ್ಚಿಕೊಂಡರು.

ಬೆಂಗಳೂರಿನಲ್ಲಿ ಒಂದು ದಿನ ಪೂರ್ತಿ ಪರೀಕ್ಷೆ ಮಾಡಿದ್ದರು. ಚಿತ್ರ ನೋಡಿ ನೆನಪಿಟ್ಟುಕೊಳ್ಳುವುದು, ನೂರರಿಂದ ಏಳೇಳು ಕಳೆಯುತ್ತಾ ಬರುವುದು, ಹದಿನೈದು ಪದ ಕೇಳಿ ಅರ್ಧಗಂಟೆ ಬಿಟ್ಟು ಹೇಳುವುದು. ಕಾಫಿಪುಡಿ, ಲವಂಗ, ಸೋಪು ಮೂಸಿಸಿ ಕಣ್ಣು ಮುಚ್ಚಿಸಿ ಕೇಳುವುದು. ಆ ಡಾಕ್ಟರು ಬಂದು ಸಾಕ್ಷಿ ಹೇಳಿ ದುಡಿಮೆಯ ಶಕ್ತಿ 50 ಪರ್ಸೆಂಟು ಹೋಗಿದೆ ಅಂದರು. ನಮ್ಮ ವಕೀಲರು 1975ರ ಡಿಸೆಂಬರಿನ ಒಂದು ಸುಪ್ರೀಂ ಕೋರ್ಟ್ ತೀರ್ಪು ಓದಿದರು. ಸಿನಿಮಾ ಥಿಯೇಟರಿನ ಕೆಲಸದಲ್ಲಿ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಕೇಸು. ಇನ್ನೊಂದು ಕೈ ಇದೆಯಲ್ಲ, ಭಾಗಶಃ ಅಷ್ಟೇ ಅಂತ ಮಾಲೀಕನ ವಾದ. ಒಂಟಿ ಕೈಯಲ್ಲಿ ಬಡಗಿ ಕೆಲಸ ಆಗುತ್ತದೆಯೇ, ಅವನ ಮಟ್ಟಿಗೆ ಅದು ಪೂರ್ತಿ ನಷ್ಟ ಅಂತ ಕೋರ್ಟು ಹೇಳಿತ್ತು. ಹಾಗೇ ಕೊಬ್ಬರಿ ಆರಿಸುವವನಿಗೆ ಮೂಗು, ಎಣಿಸುವವನಿಗೆ ನೆನಪು ಅನ್ನುವುದು ನಮ್ಮ ವಾದ. ಆದರೆ ಅಳತೆ ಪತ್ರಗಳಿಗಿಂತ ಕೆಲಸಕ್ಕೆ ಬಂದಿದ್ದು ಎರಡು ಅಂತ ನನಗನ್ನಿಸುತ್ತದೆ.

ಒಂದು ಅಕ್ಕನ ನೋಟ್‌ಬುಕ್ಕು. ಮಗಳ ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ದಿನಾ ಒಂದೊಂದು ಸಾಲು. "ಮೋಟ್ರು ಆಫ್ ಮಾಡಲು ಮರೆತರು." "ಅನ್ನ ಹಳಸಿದ್ದು ಗೊತ್ತಾಗದೆ ತಿಂದರು." "ಸಂತೆಗೆ ಹೋಗಿ ಬರಿಗೈಲಿ ಬಂದರು, ಯಾಕೆ ಹೋಗಿದ್ದೆ ಅಂತ ಕೇಳಿದರು." "ಇವತ್ತು ಚೆನ್ನಾಗಿದ್ದರು." ಕೊನೆಯ ಥರದ ಸಾಲುಗಳನ್ನೂ ಬಿಟ್ಟಿರಲಿಲ್ಲ ನೋಡಿ, ಅದಕ್ಕೇ ಪುಸ್ತಕ ನಂಬಿಕೆಗೆ ಬಂತು. ತಾರೀಖು ಹಾಕಿ ಬರೆಯಿರಿ ಅಂತ ಹೇಳಿಕೊಟ್ಟವರು ವಕೀಲರ ಆಫೀಸಿನ ಗುಮಾಸ್ತರು.

ಎರಡನೆಯದು ಮೇಸ್ತ್ರಿ. ಅವನು ವ್ಯಾಪಾರಿ ಕಡೆಯ ಸಾಕ್ಷಿ. ನಮಗೆ ಅವನ ಮೇಲೆ ಆಸೆಯೇ ಇರಲಿಲ್ಲ. ಪಾಟೀಸವಾಲಿನಲ್ಲಿ ನಮ್ಮ ವಕೀಲರು "ಇವರು ಮೊದಲು ಏನು ಕೆಲಸ ಮಾಡ್ತಿದ್ರು?" ಅಂದರು. "ಚೀಲ ಹೊರಾದು, ಕೊಬ್ಬರಿ ಆರಿಸಾದು." "ಈಗ ಕರೆದರೆ ಆರಿಸ್ತಾರಾ?" ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂಗು ಹೋಗೈತೆ ಸ್ವಾಮಿ. ಮೂಗಿಲ್ದೆ ಕೊಬ್ರಿ ಹೆಂಗ್ ಆರಿಸ್ತಾರೆ? ಲೆಕ್ಕನೂ ನಿಲ್ಲಲ್ಲ. ಪಾಪ" ಅಂದ. ವ್ಯಾಪಾರಿ ಅವನನ್ನು ನೋಡಿದ ನೋಟ ನೋಡಬೇಕಿತ್ತು. ಅವನು ಈಗಲೂ ಬೇರೆ ಮಂಡಿಯಲ್ಲಿ ಮೇಸ್ತ್ರಿ, ಸಿಕ್ಕಾಗ ಭಾವನಿಗೆ ಕಾಫಿ ಕುಡಿಸುತ್ತಾನೆ.

2019ರ ಕೊನೆಗೆ ತೀರ್ಪು ಬಂತು. ಬೆರಳು, ತಲೆ ಎಲ್ಲ ಸೇರಿ 40 ಪರ್ಸೆಂಟು. 3,53,606 ರೂಪಾಯಿ. ಅಪಘಾತವಾಗಿ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12 ಬಡ್ಡಿ ಅಂತ ಕಾಯಿದೆಯಲ್ಲೇ ಇತ್ತು, ಅದೂ ಸೇರಿ ಐದು ಲಕ್ಷದ ಹತ್ತಿರ. ಮೊದಲು ಕೊಟ್ಟ 25,000 ಕಳೆದುಕೊಂಡರು. ನನಗೆ ಕಡಿಮೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಲಾರಿ ಹತ್ತುವ ಹಾಗಿಲ್ಲ, ಆರಿಸುವ ಹಾಗಿಲ್ಲ, ಎಣಿಸುವ ಹಾಗಿಲ್ಲ, ಉಳಿದ 60 ಪರ್ಸೆಂಟು ಯಾವ ಕೆಲಸಕ್ಕೆ? ವಕೀಲರು "ತಲೆಪೆಟ್ಟಿಗೆ ಇಷ್ಟು ಸಿಕ್ಕಿದ್ದೇ ದೊಡ್ಡದು ಕಣ್ರಿ" ಅಂದರು. ಅಕ್ಕ ಆ ದುಡ್ಡಿನಲ್ಲಿ ಸಾಲ ತೀರಿಸಿ ಎರಡು ಹಸು ಕೊಂಡಳು.

2025ರ ನವೆಂಬರ್ 21ರಿಂದ ಹಳೇ ಕಾಯಿದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರಲ್ಲೂ ಬೆರಳುಗಳ ಪಟ್ಟಿ ಇದೆ, ಗೆಣ್ಣುಗಳ ಸಮೇತ. ಮಿದುಳು ಅದರಲ್ಲೂ ಇಲ್ಲ. ನೂರು ವರ್ಷದ ಮೇಲೆ ಒಂದು ಹೊಸ ಕಾನೂನು ಬರೆಯುವಾಗ ಒಂದು ಸಾಲು ಸೇರಿಸಬಹುದಿತ್ತು ಅಂತ ನನ್ನ ಅನಿಸಿಕೆ. ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: ಆಸ್ಪತ್ರೆಯಲ್ಲಿ ಕೆಲಸದ ಜಾಗದಲ್ಲಿ ಬಿದ್ದದ್ದು ಅಂತ ಮೊದಲ ದಿನವೇ ಬರೆಸು, ತಲೆ ನೆಲಕ್ಕೆ ಬಡಿದದ್ದನ್ನು ಬರೆಸು, ಪ್ರಜ್ಞೆ ತಪ್ಪಿದ್ದರೆ ಎಷ್ಟು ಹೊತ್ತು ಅಂತಲೂ ಬರೆಸು, ಮನೆಯವರಿಗೆ ಒಂದು ನೋಟ್‌ಬುಕ್ಕು ಕೊಡು. ಚೆನ್ನಾಗಿದ್ದಾನೆ ಅಂತ ಯಾರು ಹೇಳಿದರೂ ವರ್ಷದ ಮಟ್ಟಿಗೆ ನಂಬಬೇಡ.

ತೆಂಗಿನ ಸೀಮೆಯ ಬಗ್ಗೆ ಬರೆದು ಮರ ಹತ್ತುವವರ ವಿಷಯ ಬಿಟ್ಟರೆ ಊರಿಗೆ ಹೋದಾಗ ಬೈಸಿಕೊಳ್ಳಬೇಕಾಗುತ್ತದೆ. ಅವರದ್ದು ಇನ್ನೂ ಕಷ್ಟ. ಬೆಳಿಗ್ಗೆಯಿಂದ ಸಂಜೆಗೆ ನಾಲ್ಕು ಜನರ ತೋಟ, ಮರಕ್ಕಿಷ್ಟು ಅಂತ ಕೂಲಿ. ಬಿದ್ದರೆ ಮಾಲೀಕ ಯಾರು? ಆ ಹೊತ್ತಿಗೆ ಹತ್ತಿದ್ದ ಮರದ ಯಜಮಾನನೋ? ಹಳೇ ಕಾಯಿದೆಯ ಪಟ್ಟಿಯಲ್ಲಿ ತಾಳೆ ಜಾತಿಯ ಮರದಿಂದ ರಸ ಇಳಿಸುವವನಿದ್ದ, ಮರ ಕಡಿಯುವವನಿದ್ದ. ಅರ್ಧ ಎಕರೆ ತೋಟದ ಯಜಮಾನನೂ ಅವನಷ್ಟೇ ಬಡವ, ಕೇಸು ಹಾಕಿ ಯಾರಿಂದ ಏನು ವಸೂಲಿ ಮಾಡುವುದು. ತೆಂಗು ಅಭಿವೃದ್ಧಿ ಮಂಡಳಿಯವರದ್ದು 'ಕೇರ ಸುರಕ್ಷಾ' ಅಂತ ಅಪಘಾತ ವಿಮೆ ಇದೆ. ಪ್ರೀಮಿಯಂನಲ್ಲಿ ದೊಡ್ಡ ಪಾಲು ಮಂಡಳಿಯೇ ಕಟ್ಟುತ್ತದೆ. ನಮ್ಮೂರಲ್ಲಿ ಮರ ಹತ್ತುವ ಆರು ಜನರನ್ನು ಕೇಳಿದೆ, ಒಬ್ಬನಿಗೆ ಗೊತ್ತಿತ್ತು.

ಇನ್ನು ಕೆಳಗೆ ನಿಂತವರ ತಲೆಯ ಮೇಲೆ ಕಾಯಿ ಬೀಳುವ ವಿಷಯ. ಇದನ್ನು ಹೇಳಿದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. ಪಪುವಾ ನ್ಯೂಗಿನಿಯ ಒಂದು ಆಸ್ಪತ್ರೆಯಲ್ಲಿದ್ದ ಪೀಟರ್ ಬಾರ್ಸ್ ಅನ್ನುವ ಡಾಕ್ಟರು 1984ರಲ್ಲಿ ಇದರ ಮೇಲೆ ಪ್ರಬಂಧ ಬರೆದರು. ನಾಲ್ಕು ವರ್ಷದಲ್ಲಿ ಪೆಟ್ಟಾಗಿ ದಾಖಲಾದವರಲ್ಲಿ ಶೇಕಡಾ 2.5 ಜನ ತೆಂಗಿನಕಾಯಿ ಬಿದ್ದು ಬಂದವರು. 2001ರಲ್ಲಿ ಅದಕ್ಕೆ ಇಗ್ ನೊಬೆಲ್ ಕೊಟ್ಟು ಜಗತ್ತೆಲ್ಲ ನಕ್ಕಿತು. ವರ್ಷಕ್ಕೆ 150 ಜನ ಕಾಯಿ ಬಿದ್ದು ಸಾಯುತ್ತಾರೆ ಅಂತ ಇಂಟರ್ನೆಟ್ಟಿನಲ್ಲಿ ಓಡಾಡುವ ಲೆಕ್ಕಕ್ಕೆ ಮಾತ್ರ ಬುಡವಿಲ್ಲ, ಆ ಪ್ರಬಂಧದಲ್ಲಿ ಅಂಥ ಅಂಕಿಯೇ ಇಲ್ಲ. ನಾನೇ ಒಮ್ಮೆ ಕೂತು ಲೆಕ್ಕ ಹಾಕಿದ್ದೆ. ಅರವತ್ತು ಅಡಿ, ಅಂದರೆ ಸುಮಾರು 18 ಮೀಟರ್ ಮೇಲಿಂದ ಬಿದ್ದ ಕಾಯಿ ಗಾಳಿಯ ತಡೆ ಬಿಟ್ಟರೆ ನೆಲ ಮುಟ್ಟುವಾಗ ಗಂಟೆಗೆ ಸುಮಾರು 68 ಕಿಲೋಮೀಟರ್ ವೇಗದಲ್ಲಿರುತ್ತದೆ. ಮಟ್ಟೆ ಸಮೇತ ಒಂದೂವರೆ ಎರಡು ಕೇಜಿ. ನಗುವವರು ಬೇಕಾದರೆ ನಮ್ಮ ತೋಟಕ್ಕೆ ಬಂದು ಗಾಳಿ ಬೀಸುವಾಗ ಚಾಪೆ ಹಾಸಿಕೊಂಡು ಮಲಗಲಿ :-)

ಭಾವ ಈಗ ಹಸು ನೋಡಿಕೊಳ್ಳುತ್ತಾರೆ. ಫಿಟ್ಸ್ ಮಾತ್ರೆ ತಪ್ಪಿಸುವ ಹಾಗಿಲ್ಲ. ಸಿಟ್ಟು ಬಹಳ ಕಮ್ಮಿಯಾಗಿದೆ. ಎಣಿಕೆಗೆ ತಾವೇ ಒಂದು ಉಪಾಯ ಮಾಡಿಕೊಂಡಿದ್ದಾರೆ, ಹತ್ತಕ್ಕೊಂದು ಕಲ್ಲು ಜೇಬಿಗೆ. ವಾಸನೆ ಬಂದಿಲ್ಲ, ಬರುವುದೂ ಇಲ್ಲವಂತೆ. ಮೊನ್ನೆ ಹೋದಾಗ ಒಂದು ಉಂಡೆ ಕೊಬ್ಬರಿ ಹಿಡಿದುಕೊಂಡು ಸುಮ್ಮನೆ ಮೂಗಿನ ಹತ್ತಿರ ಇಟ್ಟುಕೊಂಡಿದ್ದರು. "ಏನ್ ಭಾವ?" ಅಂದೆ. "ಏನಿಲ್ಲ ಕಣಪ್ಪ, ಅಭ್ಯಾಸ" ಅಂದರು.

ಕೋರ್ಟಿನಲ್ಲಿ ಭಾವನ ಹೇಳಿಕೆ ಬರೆದುಕೊಳ್ಳುವಾಗ ಟೈಪಿಸ್ಟು ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಅಂತ ನಿಲ್ಲಿಸಿ ಕೇಳಿದ್ದರು. ಕಣ್ಣಿಲ್ಲದವನಿಗೆ ಕುರುಡ ಅಂತೀವಿ, ಕಿವಿ ಕೇಳದವನಿಗೆ ಕಿವುಡ. ಮೂಗ ಅನ್ನೋಣ ಅಂದರೆ ಅದು ಮಾತು ಬಾರದವನಿಗೆ ಹೋಗಿಬಿಟ್ಟಿದೆ! ಕೊನೆಗೆ "ವಾಸನಾ ಶಕ್ತಿ ಇರುವುದಿಲ್ಲ" ಅಂತ ಬರೆದರು. ನಿಮ್ಮ ಕಡೆ, ಮಲೆನಾಡಲ್ಲೋ ಧಾರವಾಡದ ಕಡೆಯೋ ಕರಾವಳಿಯಲ್ಲೋ, ಅಜ್ಜ ಅಜ್ಜಿಯರ ಬಾಯಲ್ಲಿ ಇದಕ್ಕೊಂದು ಪದ ಇದ್ದರೆ ದಯವಿಟ್ಟು ತಿಳಿಸಿ. ಭಾವನೂ ಕೇಳುತ್ತಿರುತ್ತಾರೆ.